ಕೋಳಿಯ ಕಾಲು ಗಟ್ಟಿ ಇರಲಿ

ಐನಾಪುರದ ಕಡೆ ನಾವು ಎರಡು ಥರದ ಕೋಳಿ ನೋಡುತ್ತೇವೆ. ಒಂದು ಹಿತ್ತಲಲ್ಲಿ ತಿರುಗಾಡುವ ಜವಾರಿ ಕೋಳಿ. ಇನ್ನೊಂದು ಫಾರಂನಲ್ಲಿ ಸಾಕುವ ಬಾಯ್ಲರ್ ಕೋಳಿ. ಜವಾರಿ ಕೋಳಿ ಗೋಡೆ ಹಾರುತ್ತದೆ, ಗಿಡ ಏರುತ್ತದೆ. ಬಾಯ್ಲರ್ ಕೋಳಿ ನಾಲ್ಕು ಹೆಜ್ಜೆ ಇಟ್ಟು ಕೂತುಬಿಡುತ್ತದೆ. ಕೆಲವಕ್ಕೆ ಕಾಲೇ ಸೊಟ್ಟ. ‘ಯಾಕ ಹಿಂಗ?’ ಅಂತೀರಾ? ನೋಡೋಣ.

ಬೆಳೆಯುವ ವೇಗ

ಬಾಯ್ಲರ್ ಮರಿ ಸುಮಾರು 40 ದಿನಕ್ಕೆ 2 ಕಿಲೋ ತೂಗುತ್ತದೆ. ಜವಾರಿ ಕೋಳಿ ಒಂದೂವರೆ ಕಿಲೋ ಆಗಲು ಐದಾರು ತಿಂಗಳು ಬೇಕು. ಸೂಜಿ ಚುಚ್ಚಿ ಬೆಳೆಸ್ತಾರ ಅಂತ ಜನ ಹೇಳುತ್ತಾರೆ. ಆದರೆ ಈ ವೇಗಕ್ಕೆ ಕಾರಣ ತಳಿ ಮತ್ತು ಮೇವು. ಬೇಗ ತೂಗುವ ಕೋಳಿಗಳನ್ನೇ ಆರಿಸಿ, ತಲೆಮಾರಿನಿಂದ ತಲೆಮಾರಿಗೆ ಮರಿ ಮಾಡಿಸಿದ್ದಾರೆ.

ಎಲುಬಿಗೆ ಸಮಯ ಬೇಕು

ಮೊದಲು ಎಲುಬು ಮೆತ್ತಗಿರುತ್ತದೆ. ಸುಣ್ಣದ ಅಂಶ, ರಂಜಕ ತುಂಬಿದಂತೆ ಗಟ್ಟಿಯಾಗುತ್ತದೆ. ಬಾಯ್ಲರ್ ಕೋಳಿಯಲ್ಲಿ ಮಾಂಸ ಬೇಗ ಬೆಳೆಯುತ್ತದೆ. ಎಲುಬೂ ಬೇಗ ಉದ್ದವಾಗುತ್ತದೆ, ಆದರೆ ಒಳಗೆ ಸಣ್ಣ ತೂತು ಉಳಿಯುತ್ತವೆ. ಎದೆಯ ಭಾರವೂ ಮುಂದಕ್ಕೆ ಜಗ್ಗುತ್ತದೆ.

ಕಬ್ಬಿಗೆ ಯೂರಿಯಾ ಹೆಚ್ಚಾದರೆ ಏನಾಗುತ್ತದೆ? ಬೇಗ ಎತ್ತರ ಬೆಳೆದು ನೆಲಕ್ಕೆ ಬೀಳುತ್ತದೆ. ಇದೂ ಹಾಗೆಯೇ.

ಕಾಲು ಹೋದ ಕೋಳಿ ಮೇವು, ನೀರಿನ ಹತ್ತಿರ ಹೋಗಲಾರದು. ಹಸಿದು ಸೊರಗುತ್ತದೆ. ಅದಕ್ಕೆ ನೋವು, ನಮಗೆ ನಷ್ಟ.

ನಾವೇನು ಮಾಡಬೇಕು?

• ಹಿತ್ತಲಲ್ಲಿ ಸಾಕಲು ಜವಾರಿ ಕೋಳಿ ಒಳ್ಳೆಯದು. ಗಿರಿರಾಜ, ಸ್ವರ್ಣಧಾರಾ ತಳಿಗಳೂ ಇವೆ. ಗಿರಿರಾಜ ತಳಿಯನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಹೊರತಂದಿತು. ಇವು ಜವಾರಿಗಿಂತ ಬೇಗ, ಬಾಯ್ಲರ್‌ಗಿಂತ ನಿಧಾನ ಬೆಳೆಯುತ್ತವೆ.

• ಬರೇ ಗೋವಿನಜೋಳ ಹಾಕಬೇಡಿ. ಅದರಲ್ಲಿ ಸುಣ್ಣದ ಅಂಶ ತೀರ ಕಡಿಮೆ. ಮರಿಗೆ ಮರಿಯ ಮೇವನ್ನೇ ಕೊಡಿ. ಆದರೆ ಎಲುಬು ಗಟ್ಟಿಯಾಗಲಿ ಅಂತ ಮರಿಗೆ ಬೇಕಾಬಿಟ್ಟಿ ಸುಣ್ಣ ತಿನ್ನಿಸಬೇಡಿ. ಮೂತ್ರಪಿಂಡ ಕೆಡುತ್ತದೆ.

• ಬಿಸಿಲು ಬೀಳಲಿ. ಬಿಸಿಲಿನಿಂದ ಮೈಯಲ್ಲಿ ಡಿ ಜೀವಸತ್ವ ಆಗುತ್ತದೆ. ಸುಣ್ಣದ ಅಂಶ ಮೈಗೆ ಹತ್ತಲು ಅದು ಬೇಕು.

• ತಿರುಗಾಡಲು ಜಾಗ ಇರಲಿ. ನಡೆದಷ್ಟೂ ಎಲುಬು ಗಟ್ಟಿ. ಕೂಡಲು ಒಂದು ಬಡಿಗೆ ಅಡ್ಡ ಕಟ್ಟಿ.

• ಫಾರಂನಲ್ಲಿ ಹಾಸಿದ ಹೊಟ್ಟು ಒಣಗಿರಲಿ. ರಾತ್ರಿ ಕೆಲವು ತಾಸು ದೀಪ ಆರಿಸಿ. ಕೋಳಿಗೂ ನಿದ್ದೆ ಬೇಕು.

• ಕೋಳಿ ಕುಂಟಿದರೆ ತಡ ಮಾಡದೆ ದನದ ದವಾಖಾನೆಯ ಡಾಕ್ಟರರಿಗೆ ತೋರಿಸಿ. ಕುಂಟಲು ರೋಗವೂ ಕಾರಣ ಇರಬಹುದು.

ಸಂತೆಯಲ್ಲಿ ಕೋಳಿ ಕೊಳ್ಳುವಾಗ ತೂಕ ಒಂದನ್ನೇ ನೋಡಬೇಡಿ. ಕೆಳಗೆ ಬಿಟ್ಟು ನಡೆಸಿ ನೋಡಿ. ನೆಟ್ಟಗೆ ನಡೆಯುವ ಕೋಳಿಯನ್ನೇ ಮನೆಗೆ ತನ್ನಿ.