ಟ್ವೀಡ್ ಡಿಲಕ್ಸ್: ಹಳೆಯ ವಾಲ್ವ್ ಆಂಪ್ಲಿಫೈಯರಿನ ಮರುನಿರ್ಮಾಣ

ವಿದ್ಯುತ್ ಗಿಟಾರಿನ ತಂತಿಯನ್ನು ಮೀಟಿದಾಗ ಅದರ ಪಿಕಪ್‌ನಲ್ಲಿ, ಅಂದರೆ ತಂತಿಯ ಕಂಪನವನ್ನು ಅಯಸ್ಕಾಂತದ ನೆರವಿನಿಂದ ವಿದ್ಯುತ್ತಾಗಿ ಮಾರ್ಪಡಿಸುವ ಸುರುಳಿಯಲ್ಲಿ, ಹುಟ್ಟುವ ಸಂಕೇತ ಸಾಮಾನ್ಯವಾಗಿ ಒಂದು ವೋಲ್ಟಿಗೂ ಕಡಿಮೆ ಇರುತ್ತದೆ. ಅದನ್ನು ಸ್ಪೀಕರಿನ ಕಾಗದದ ಶಂಕು ಅದುರುವಷ್ಟು ಬಲಪಡಿಸುವ ಆಂಪ್ಲಿಫೈಯರನ್ನು ವಾದಕರು ಆ ವಾದ್ಯದ ಅರ್ಧಭಾಗವೆಂದೇ ಪರಿಗಣಿಸುತ್ತಾರೆ. ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್ ಪಟ್ಟಣದಲ್ಲಿ ರೇಡಿಯೊ ದುರಸ್ತಿಯ ಅಂಗಡಿ ನಡೆಸುತ್ತಿದ್ದ ಲಿಯೊ ಫೆಂಡರ್, ಸ್ವತಃ ಗಿಟಾರ್ ನುಡಿಸಲು ಬಾರದಿದ್ದರೂ ವಾದಕರ ದೂರುಗಳನ್ನು ಕಿವಿಗೊಟ್ಟು ಕೇಳಿ ರೂಪಿಸಿದ ಆಂಪ್ಲಿಫೈಯರುಗಳ ಪೈಕಿ, 1955ರಿಂದ 1960ರವರೆಗೆ ತಯಾರಾದ 'ಡಿಲಕ್ಸ್' ಮಾದರಿಯನ್ನು ಇಂದು ಹವ್ಯಾಸಿಗಳು ಮತ್ತೆ ಮತ್ತೆ ಕಟ್ಟುತ್ತಿದ್ದಾರೆ. ಓರೆ ಗೆರೆಗಳ ಹತ್ತಿಬಟ್ಟೆಯ ಹೊದಿಕೆಯಿಂದಾಗಿ 'ಟ್ವೀಡ್' ಎಂದೂ, ನಕ್ಷೆಯ ಸಂಖ್ಯೆಯಿಂದಾಗಿ '5ಇ3' ಎಂದೂ ಇದು ಪ್ರಸಿದ್ಧ. ಆ ಸಂಖ್ಯೆಯಲ್ಲಿ 5 ಎಂಬುದು ಐವತ್ತರ ದಶಕವನ್ನು, 'ಇ' ಪರಿಷ್ಕರಣೆಯ ಹಂತವನ್ನು, 3 ಡಿಲಕ್ಸ್ ಮಾದರಿಯನ್ನು ಸೂಚಿಸುತ್ತವೆ. ರಾಕ್ ಸಂಗೀತಗಾರ ನೀಲ್ ಯಂಗ್ ದಶಕಗಳಿಂದ ನೆಚ್ಚಿಕೊಂಡಿರುವುದು 1959ರ ಇಂಥದೇ ಒಂದು ಪೆಟ್ಟಿಗೆಯನ್ನು.

ಈ ಯಂತ್ರದ ಒಳಗೆ ಐದೇ ವಾಲ್ವ್‌ಗಳಿವೆ. ವಾಲ್ವ್ ಅಥವಾ ನಿರ್ವಾತ ನಳಿಕೆ ಎಂದರೆ ಗಾಳಿಯನ್ನು ಹೊರತೆಗೆದ ಗಾಜಿನ ಕೊಳವೆ. ಅದರೊಳಗೆ ಕಾಯಿಸಿದ ಕೆಥೋಡ್ ಎಲೆಕ್ಟ್ರಾನುಗಳನ್ನು ಹೊಮ್ಮಿಸುತ್ತದೆ, ಹೆಚ್ಚಿನ ವೋಲ್ಟೇಜಿನಲ್ಲಿರುವ ಪ್ಲೇಟ್ ಅವನ್ನು ಸೆಳೆದುಕೊಳ್ಳುತ್ತದೆ, ನಡುವೆ ಇರುವ ಗ್ರಿಡ್ ಎಂಬ ತಂತಿಜಾಲಕ್ಕೆ ಕೊಟ್ಟ ಸಣ್ಣ ಸಂಕೇತವು ಆ ದೊಡ್ಡ ಪ್ರವಾಹವನ್ನು ಏರಿಳಿಸುತ್ತದೆ. ಗಿಟಾರಿನ ಸಂಕೇತ ಮೊದಲು 12ಎವೈ7 ವಾಲ್ವನ್ನು ಹೊಕ್ಕು, ಧ್ವನಿಮಟ್ಟದ ಹಾಗೂ ಟೋನ್ ಗುಂಡಿಗಳನ್ನು ದಾಟಿ, 12ಎಎಕ್ಸ್7 ವಾಲ್ವಿಗೆ ಬರುತ್ತದೆ. ಈ ವಾಲ್ವಿನ ಒಂದು ಅರ್ಧ ಸಂಕೇತವನ್ನು ಇನ್ನಷ್ಟು ಹಿಗ್ಗಿಸಿದರೆ ಇನ್ನೊಂದು ಅರ್ಧ ಅದನ್ನು ಪರಸ್ಪರ ವಿರುದ್ಧವಾಗಿ ಏರಿಳಿಯುವ ಎರಡು ಪ್ರತಿಗಳಾಗಿ ಒಡೆಯುತ್ತದೆ. ಆ ಎರಡನ್ನೂ ಜೋಡಿ 6ವಿ6ಜಿಟಿ ವಾಲ್ವ್‌ಗಳು ಹಂಚಿಕೊಂಡು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಮೂಲಕ 12 ಇಂಚಿನ ಜೆನ್ಸನ್ ಸ್ಪೀಕರಿಗೆ ತಲುಪಿಸುತ್ತವೆ. ಐದನೆಯದಾದ 5ವೈ3ಜಿಟಿ, ಪರ್ಯಾಯ ವಿದ್ಯುತ್ತನ್ನು ಏಕಮುಖ ವಿದ್ಯುತ್ತಾಗಿಸುವ ರೆಕ್ಟಿಫೈಯರ್. ಇಷ್ಟೆಲ್ಲ ಸೇರಿ ಹೊರಡಿಸುವ ಶಕ್ತಿ 12ರಿಂದ 15 ವ್ಯಾಟ್ ಮಾತ್ರ.

ಡಿಲಕ್ಸ್‌ನ ನಾದಕ್ಕೆ ಕಾರಣ ಅದರ ಬಲಕ್ಕಿಂತ ಹೆಚ್ಚಾಗಿ ಅದರ ಮಿತಿಗಳು, ಮತ್ತು ಮರುನಿರ್ಮಾಣದ ಕಸುಬು ಅರ್ಥವಾಗಬೇಕಾದರೆ ಈ ಸಂಗತಿಯನ್ನು ಮೊದಲು ಗ್ರಹಿಸಬೇಕು. ವಾದಕ ತಂತಿಯನ್ನು ಬಲವಾಗಿ ಹೊಡೆದಾಗ ಔಟ್‌ಪುಟ್ ವಾಲ್ವ್‌ಗಳು ಒಮ್ಮೆಲೇ ಹೆಚ್ಚು ಪ್ರವಾಹವನ್ನು ಬೇಡುತ್ತವೆ. ಆದರೆ 5ವೈ3 ವಾಲ್ವಿನ ಒಳರೋಧ ಹೆಚ್ಚು, ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳು ತಲಾ 16 ಮೈಕ್ರೊಫ್ಯಾರಡ್‌ನಷ್ಟೇ ಸಣ್ಣವು. ಮನೆಯ ಮೇಲಿನ ಟ್ಯಾಂಕು ಚಿಕ್ಕದಾಗಿ, ಅದನ್ನು ತುಂಬುವ ಕೊಳವೆಯೂ ಕಿರಿದಾಗಿದ್ದರೆ ನಲ್ಲಿಗಳನ್ನೆಲ್ಲ ತೆರೆದಾಗ ನೀರಿನ ರಭಸ ಕುಗ್ಗುವ ಹಾಗೆ, ಇಲ್ಲಿ ವೋಲ್ಟೇಜು ಕ್ಷಣಕಾಲ ಕುಸಿದು ಮತ್ತೆ ಚೇತರಿಸಿಕೊಳ್ಳುತ್ತದೆ, ಅದರೊಡನೆ ನಾದವೂ ಮೊದಲು ಅದುಮಿಕೊಂಡು ಬಳಿಕ ಅರಳುತ್ತದೆ. ಔಟ್‌ಪುಟ್ಟಿನ ಒಂದಂಶವನ್ನು ಹಿಂದಿನ ಹಂತಕ್ಕೆ ಮರಳಿಸಿ ವಿರೂಪವನ್ನು ತಗ್ಗಿಸುವ ಋಣಾತ್ಮಕ ಮರುಪೂರಣವೂ ಈ ಮಂಡಲದಲ್ಲಿ ಇಲ್ಲದಿರುವುದರಿಂದ ಸ್ವಚ್ಛ ಸ್ವರದಿಂದ ಒಡಕು ಸ್ವರದ ಕಡೆಗೆ ಸಾಗುವ ದಾರಿ ನಿಧಾನವಾದುದು, ವಾದಕನ ಬೆರಳಿನ ಒತ್ತಡಕ್ಕೆ ಒಲಿಯುವಂಥದು. ಗಿಟಾರ್ ಜೋಡಿಸಲು ಇರುವ ಎರಡು ಪ್ರತ್ಯೇಕ ಹಾದಿಗಳ, ಅಂದರೆ ಚಾನೆಲ್‌ಗಳ, ಧ್ವನಿಮಟ್ಟದ ಗುಂಡಿಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ, ಗಿಟಾರ್ ಜೋಡಿಸದ ಚಾನೆಲ್ಲಿನ ಗುಂಡಿಯನ್ನು ತಿರುಗಿಸಿದರೂ ಜೋಡಿಸಿದ ಚಾನೆಲ್ಲಿನ ನಾದ ಬದಲಾಗುತ್ತದೆ. ಇವೆಲ್ಲವೂ ಎಂಜಿನಿಯರಿಂಗಿನ ದೃಷ್ಟಿಯಿಂದ ಕೊರತೆಗಳು. ದೊಡ್ಡ ಕೆಪಾಸಿಟರುಗಳನ್ನೂ ರೆಕ್ಟಿಫೈಯರ್ ವಾಲ್ವಿನ ಬದಲು ಸಿಲಿಕಾನ್ ಡಯೋಡುಗಳನ್ನೂ ಹಾಕಿ ಅವನ್ನು 'ಸರಿಪಡಿಸಿದ' ಪ್ರತಿಕೃತಿ ಹೆಚ್ಚು ಗಟ್ಟಿಯಾಗಿ ನುಡಿಯಬಹುದು, ಆದರೆ ಅದು ಡಿಲಕ್ಸ್ ಆಗಿ ಉಳಿಯುವುದಿಲ್ಲ.

ಹಾಗಾದರೆ ಪ್ರತಿಕೃತಿ ಯಾವುದಕ್ಕೆ ನಿಷ್ಠವಾಗಿರಬೇಕು? ಇಂದು ಕೈಗೆ ಸಿಗುವ ಮೂಲ ಡಿಲಕ್ಸ್ ಯಾವುದೂ ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದಂತೆ ಇಲ್ಲ: ಇಂಗಾಲದ ಪುಡಿಯನ್ನು ಒತ್ತಿ ಮಾಡಿದ ಹಳೆಯ ರೆಸಿಸ್ಟರುಗಳ ರೋಧ ವರ್ಷಗಳು ಕಳೆದಂತೆ ಏರುತ್ತ ಹೋಗಿರುತ್ತದೆ, ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಒಣಗಿರುತ್ತವೆ, ಸ್ಪೀಕರಿನ ಕಾಗದ ಸಡಿಲಗೊಂಡಿರುತ್ತದೆ. ಅದೇ ಬಗೆಯ ರೆಸಿಸ್ಟರುಗಳನ್ನೂ ಹಳದಿ ಆಸ್ಟ್ರಾನ್ ಕೆಪಾಸಿಟರುಗಳ ತದ್ರೂಪಗಳನ್ನೂ ಹುಡುಕಿ ಹಾಕುವವರು ಒಂದು ಪಂಥ. ನಕ್ಷೆಯಲ್ಲಿ ಬರೆದ ಮೌಲ್ಯಗಳನ್ನಷ್ಟೇ ಪಾಲಿಸಿ ಹೊಸ ಬಿಡಿಭಾಗಗಳಿಂದ ಕಟ್ಟುವವರು ಇನ್ನೊಂದು ಪಂಥ. ಎರಡನೆಯದೇ ಹೆಚ್ಚು ಪ್ರಾಮಾಣಿಕವಾದ ಮಾರ್ಗವೆನ್ನಬೇಕು, ಏಕೆಂದರೆ ಫೆಂಡರ್ ಮಾಡಿದ್ದೂ ಅದನ್ನೇ: ತಮ್ಮ ಕಾಲದ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತಿದ್ದ ಹೊಸ ಸಾಮಗ್ರಿಗಳಿಂದ ಒಂದು ಯೋಜನೆಯನ್ನು ಕಟ್ಟಿ ನಿಲ್ಲಿಸಿದ್ದು. ಆದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ವಿಷಯದಲ್ಲಿ ಈ ಸ್ವಾತಂತ್ರ್ಯ ಸಲ್ಲದು. ಅದರ ಕಬ್ಬಿಣದ ಗಾತ್ರವೂ ಸುತ್ತುಗಳ ಪ್ರಮಾಣವೂ ನಾದವನ್ನು ನೇರವಾಗಿ ತಿದ್ದುವುದರಿಂದ ಮೂಲದ ಅಳತೆಯನ್ನು ಅನುಸರಿಸಲೇಬೇಕು.

ಕಟ್ಟುವ ಕೆಲಸ ಆರಂಭವಾಗುವುದು ಫೈಬರ್ ಹಲಗೆಯಿಂದ. ಗಟ್ಟಿ ಕಾಗದದಂಥ ಆ ಹಲಗೆಯಲ್ಲಿ ತೂತು ಕೊರೆದು, ಹಿತ್ತಾಳೆಯ ಸಣ್ಣ ಕಣ್ಣುಗಳನ್ನು ಕೂರಿಸಿ, ರೆಸಿಸ್ಟರು ಕೆಪಾಸಿಟರುಗಳ ಕಾಲುಗಳನ್ನು ಅವುಗಳೊಳಗೆ ಇಳಿಸಿ ಬೆಸುಗೆ ಹಾಕಲಾಗುತ್ತದೆ. ಭಾಗಗಳನ್ನು ಎಲ್ಲೆಲ್ಲಿ ಇಡಬೇಕೆಂಬುದನ್ನು ತೋರಿಸುವ ಫೆಂಡರ್ ಸಂಸ್ಥೆಯ ವಿನ್ಯಾಸಚಿತ್ರ ಇಂದಿಗೂ ಲಭ್ಯವಿರುವುದರಿಂದ ಊಹೆಗೆ ಹೆಚ್ಚು ಅವಕಾಶವಿಲ್ಲ. ವಾಲ್ವ್‌ಗಳನ್ನು ಕಾಯಿಸುವ 6.3 ವೋಲ್ಟಿನ ತಂತಿಗಳನ್ನು ಬಿಗಿಯಾಗಿ ಹೊಸೆದು ಗ್ರಿಡ್ ತಂತಿಗಳಿಂದ ದೂರ ಒಯ್ಯಬೇಕು, ಇಲ್ಲವಾದರೆ ಮನೆಯ ವಿದ್ಯುತ್ತಿನ ಗುಂಯ್ಗುಡುವಿಕೆ ಸ್ಪೀಕರಿನಲ್ಲಿ ಕೇಳಿಸುತ್ತದೆ. ಭಾರತದಲ್ಲಿ ಕಟ್ಟುವವರು ಅಮೆರಿಕದ ವೋಲ್ಟೇಜಿಗೆ ಸುತ್ತಿದ ಪವರ್ ಟ್ರಾನ್ಸ್‌ಫಾರ್ಮರನ್ನು ಬಿಟ್ಟು 230 ವೋಲ್ಟಿಗೆ ಹೊಂದುವುದನ್ನೇ ತರಿಸಿಕೊಳ್ಳಬೇಕಾಗುತ್ತದೆ.

ಮೂಲವನ್ನು ಉದ್ದೇಶಪೂರ್ವಕವಾಗಿ ಮೀರಬೇಕಾದ ಒಂದು ಸ್ಥಳವಿದೆ. ಹಳೆಯ ಡಿಲಕ್ಸ್‌ಗೆ ಎರಡೇ ಪಿನ್ನಿನ ಪ್ಲಗ್ ಇತ್ತು, ಅರ್ಥಿಂಗ್ ಇರಲಿಲ್ಲ, ಜೊತೆಗೆ ವಿದ್ಯುತ್ ಸಂಪರ್ಕದ ಒಂದು ತಂತಿಯಿಂದ ಲೋಹದ ಚೌಕಟ್ಟಿಗೆ ಒಂದು ಕೆಪಾಸಿಟರ್ ಜೋಡಿಸಲಾಗಿತ್ತು. ಅದು ಕೆಟ್ಟು ಶಾರ್ಟ್ ಆದರೆ ಗಿಟಾರಿನ ತಂತಿ ಮುಟ್ಟಿದ ಕೈಗೇ ಮನೆಯ ವಿದ್ಯುತ್ತು ಹರಿಯುವ ಅಪಾಯವಿತ್ತು. ಆ ಕೆಪಾಸಿಟರನ್ನು ಬಿಟ್ಟು, ಮೂರು ಪಿನ್ನಿನ ಪ್ಲಗ್ ಹಾಕಿ, ಅರ್ಥ್ ತಂತಿಯನ್ನು ಚೌಕಟ್ಟಿಗೆ ಬಿಗಿಯುವುದು ಕಡ್ಡಾಯ. ಒಳಗೆ ಪವರ್ ಟ್ರಾನ್ಸ್‌ಫಾರ್ಮರಿನ ಎರಡು ತುದಿಗಳ ನಡುವೆ 600 ವೋಲ್ಟಿಗೂ ಮೀರಿದ ಒತ್ತಡವಿರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳು ಪ್ರಾಣಾಂತಕವಾದ ಆವೇಶವನ್ನು ಉಳಿಸಿಕೊಂಡಿರಬಲ್ಲವು. ಆದ್ದರಿಂದ ಪ್ರತಿ ಸಲವೂ ಒಂದು ರೆಸಿಸ್ಟರಿನ ಮೂಲಕ ಅವನ್ನು ಬರಿದು ಮಾಡಿ, ಬರಿದಾದುದನ್ನು ಮೀಟರಿನಿಂದ ಖಚಿತಪಡಿಸಿಕೊಂಡ ನಂತರವೇ ಕೈ ಹಾಕಬೇಕು. ಮೊದಲ ಬಾರಿಗೆ ವಿದ್ಯುತ್ ಕೊಡುವಾಗ, ನಮ್ಮ ಎಲೆಕ್ಟ್ರಿಷಿಯನ್ನರು ಬಳಸುವ ಸೀರೀಸ್ ಲ್ಯಾಂಪಿನ ಉಪಾಯವೇ ಇಲ್ಲಿಯೂ ನೆರವಿಗೆ ಬರುತ್ತದೆ: ಹಾದಿಯಲ್ಲಿ ಜೋಡಿಸಿದ ತಂತಿಯ ಬಲ್ಬು ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ ಎಂದರ್ಥ. ಕೊನೆಯಲ್ಲಿ ಔಟ್‌ಪುಟ್ ವಾಲ್ವ್‌ಗಳ ಕೆಥೋಡಿಗೆ ಸೇರಿದ 250 ಓಮ್ ರೆಸಿಸ್ಟರಿನ ಮೇಲೆ ಮೀಟರಿಟ್ಟು ಅಳೆಯಬೇಕು. ಅಲ್ಲಿ 20 ವೋಲ್ಟ್ ತೋರಿದರೆ ಜೋಡಿಯ ಮೂಲಕ 80 ಮಿಲಿಆಂಪಿಯರ್ ಹರಿಯುತ್ತಿದೆ, ವಾಲ್ವ್‌ಗಳು ತಮ್ಮ ಮಿತಿಯ ಅಂಚಿನಲ್ಲೇ ದುಡಿಯುತ್ತಿವೆ.

ಇಷ್ಟು ನಿಷ್ಠೆಯಿಂದ ಕಟ್ಟಿದ ಮೇಲೂ ಪ್ರತಿಕೃತಿ ತನ್ನದೇ ಗುಣವನ್ನು ಪಡೆಯುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ದೊಡ್ಡ ನಿದರ್ಶನವಿದೆ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ನಡೆಸುತ್ತಿದ್ದ ಡ್ರಮ್ ವಾದಕ ಜಿಮ್ ಮಾರ್ಷಲ್ ಅವರಿಗಾಗಿ ಕೆನ್ ಬ್ರ್ಯಾನ್ ಮತ್ತು ಡಡ್ಲಿ ಕ್ರೇವನ್ 1962ರಲ್ಲಿ ಕಟ್ಟಿದ ಜೆಟಿಎಂ45, ಫೆಂಡರ್ ಅವರ 'ಬಾಸ್‌ಮನ್' ಆಂಪ್ಲಿಫೈಯರಿನ 5ಎಫ್6-ಎ ನಕ್ಷೆಯನ್ನು ಹೆಚ್ಚುಕಡಿಮೆ ಹಾಗೆಯೇ ಅನುಸರಿಸಿತ್ತು. ಆದರೆ ಮೊದಲ ಹಂತದಲ್ಲಿ 12ಎವೈ7 ಇದ್ದ ಸ್ಥಾನಕ್ಕೆ ಎರಡು ಪಟ್ಟಿಗೂ ಹೆಚ್ಚು ವರ್ಧನೆಯುಳ್ಳ ಇಸಿಸಿ83 ಬಂತು, ಟ್ರಾನ್ಸ್‌ಫಾರ್ಮರುಗಳು ಬ್ರಿಟನ್ನಿನವಾದವು, ಹಿಂಬದಿ ತೆರೆದ ಪೆಟ್ಟಿಗೆಯಲ್ಲಿದ್ದ 10 ಇಂಚಿನ ನಾಲ್ಕು ಸ್ಪೀಕರುಗಳ ಬದಲು ಮುಚ್ಚಿದ ಪೆಟ್ಟಿಗೆಯಲ್ಲಿ 12 ಇಂಚಿನ ನಾಲ್ಕು ಸೆಲೆಸ್ಟಿಯನ್ ಸ್ಪೀಕರುಗಳು ಕೂತವು. ಸ್ಥಳೀಯವಾಗಿ ಸಿಕ್ಕಿದ್ದನ್ನು ಬಳಸಿದ್ದರಿಂದಲೇ ಹುಟ್ಟಿದ ಆ ವ್ಯತ್ಯಾಸಗಳು ರಾಕ್ ಸಂಗೀತಕ್ಕೆ ಬೇರೆಯೇ ಒಂದು ನಾದವನ್ನು ಕೊಟ್ಟವು, ಮತ್ತು ಇಂದು ಜೆಟಿಎಂ45ರ ಪ್ರತಿಕೃತಿಗಳನ್ನೂ ಅಷ್ಟೇ ಶ್ರದ್ಧೆಯಿಂದ ಕಟ್ಟಲಾಗುತ್ತಿದೆ.

ಈ ಕಸುಬು ನಿಂತಿರುವುದು ವಾಲ್ವ್‌ಗಳ ಲಭ್ಯತೆಯ ಮೇಲೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆಯನ್ನು ಆರಂಭಿಸಿತ್ತು, 'ಬೆಲ್' ಮುದ್ರೆಯ ಬಳಸದ ಹಳೆಯ ದಾಸ್ತಾನನ್ನು ಹವ್ಯಾಸಿಗಳು ಈಗಲೂ ಅರಸುತ್ತಾರೆ. ಆದರೆ ಡಿಲಕ್ಸ್‌ಗೆ ಬೇಕಾದ ಹೊಸ ವಾಲ್ವ್‌ಗಳು ಇಂದು ಬರುವುದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾದ ಕೆಲವೇ ಕಾರ್ಖಾನೆಗಳಿಂದ.