ಹೆಸರಿಲ್ಲದ ಸರಕಿಗೆ ಮುಖ ಕೊಡುವ ವಿದ್ಯೆ
ಗ್ರಾಫಿಕ್ ಡಿಸೈನ್ ಪದವಿ ಮತ್ತು ನಾಲ್ಕು ತಾಲೂಕುಗಳ ವ್ಯಾಪಾರ

ಇಂಡಿಯಿಂದ ಲಿಂಬೆಹಣ್ಣಿನ ಚೀಲಗಳು ಹೊರಡುತ್ತವೆ. ಸಿಂದಗಿ ಮತ್ತು ಮುದ್ದೇಬಿಹಾಳಗಳಿಂದ ತೊಗರಿ ಹೊರಡುತ್ತದೆ. ಬಸವನ ಬಾಗೇವಾಡಿಯ ಕಡೆಯಿಂದ ಉಳ್ಳಾಗಡ್ಡಿಯ ಲಾರಿಗಳು ಸಾಗುತ್ತವೆ. ತೂಕ, ದರ ಮತ್ತು ಗುಣಮಟ್ಟದ ವಿಷಯದಲ್ಲಿ ಈ ಭಾಗದ ವರ್ತಕರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಇದೇ ಸರಕು ದೂರದ ನಗರದ ಅಂಗಡಿಯ ಕಪಾಟನ್ನು ಸೇರುವ ಹೊತ್ತಿಗೆ ಬಹುತೇಕ ಬೇರೊಂದು ಊರಿನ, ಬೇರೊಂದು ಸಂಸ್ಥೆಯ ಹೆಸರನ್ನು ಹೊತ್ತಿರುತ್ತದೆ. ಬೆಳೆದವರು ಇಲ್ಲಿಯವರು, ಹೆಸರು ಅಲ್ಲಿಯವರದು. ಚೀಲದೊಳಗಿನ ವಸ್ತುವಿನ ಬೆಲೆಗೂ ಪೊಟ್ಟಣದ ಮೇಲಿನ ಬೆಲೆಗೂ ಇರುವ ಅಂತರದಲ್ಲಿ ಒಂದು ಪಾಲು ಆ ಹೆಸರಿಗೆ, ಅದನ್ನು ತೋರಿಸುವ ರೀತಿಗೆ ಸಲ್ಲುತ್ತದೆ.

ಈ ಹಿನ್ನೆಲೆಯಲ್ಲಿ, ಪಿಯುಸಿ ಮುಗಿಸಿದ ಮಗನೋ ಮಗಳೋ "ಗ್ರಾಫಿಕ್ ಡಿಸೈನ್ ಓದುತ್ತೇನೆ" ಎಂದಾಗ ವ್ಯಾಪಾರಿ ಕುಟುಂಬಗಳಲ್ಲಿ ಸಹಜವಾಗಿ ಏಳುವ ಪ್ರಶ್ನೆಯನ್ನು ಪರಿಶೀಲಿಸುವುದು ಯೋಗ್ಯ. ಬೋರ್ಡು ಬರೆಯುವುದಕ್ಕೂ ಲಗ್ನಪತ್ರಿಕೆ ಮಾಡುವುದಕ್ಕೂ ನಾಲ್ಕು ವರ್ಷದ ಪದವಿ ಏಕೆ ಬೇಕು? ಪೇಟೆಯ ಡಿಟಿಪಿ ಅಂಗಡಿಯಲ್ಲಿ ಆರು ತಿಂಗಳು ಕುಳಿತರೆ ಸಾಲದೆ? ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರ ದೊರೆಯಬೇಕಾದರೆ ಆ ನಾಲ್ಕು ವರ್ಷಗಳಲ್ಲಿ ಏನನ್ನು ಕಲಿಸುತ್ತಾರೆಂಬುದನ್ನು ಮೊದಲು ತಿಳಿಯಬೇಕು.

ತಂಬಿಗೆಯಿಂದ ರೂಪಾಯಿ ಚಿಹ್ನೆಯವರೆಗೆ

ಭಾರತದಲ್ಲಿ ವಿನ್ಯಾಸ ಶಿಕ್ಷಣದ ಬುನಾದಿಯೇ ಕೈಗಾರಿಕೆಯ ಅಗತ್ಯದಿಂದ ಹುಟ್ಟಿದ್ದು. ಸಣ್ಣ ಕೈಗಾರಿಕೆಗಳ ಉತ್ಪನ್ನಗಳ ಗುಣಮಟ್ಟ ಸುಧಾರಿಸುವ ಬಗೆಯನ್ನು ಸೂಚಿಸುವಂತೆ ಕೇಂದ್ರ ಸರಕಾರವು ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯನ್ನು ಕೇಳಿಕೊಂಡಿತ್ತು. 1958ರಲ್ಲಿ ಅವರು ಸಲ್ಲಿಸಿದ ವರದಿಯಲ್ಲಿ ಬಹುವಾಗಿ ಮೆಚ್ಚಿಕೊಂಡ ವಸ್ತು ಯಾವುದೋ ಅರಮನೆಯ ಕಲಾಕೃತಿಯಲ್ಲ, ಮನೆಮನೆಯಲ್ಲಿರುವ ತಂಬಿಗೆ. ಹಿಡಿಯುವ ಕೈಗೆ, ತುಂಬುವ ನೀರಿಗೆ, ಹೊರುವ ಸೊಂಟಕ್ಕೆ, ಮಾರುವ ಬೆಲೆಗೆ ಹೀಗೆ ಎಲ್ಲಕ್ಕೂ ಹೊಂದುವ ರೂಪ ಅದಕ್ಕೆ ತಲೆಮಾರುಗಳ ಬಳಕೆಯಿಂದ ಬಂದಿದೆ ಎಂಬುದು ಅವರ ವಿಚಾರದ ಸಾರ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ಆರಂಭವಾಯಿತು. 1969ರಲ್ಲಿ ಮುಂಬಯಿ ಐಐಟಿಯಲ್ಲಿ ವಿನ್ಯಾಸ ಕೇಂದ್ರ ಸ್ಥಾಪನೆಗೊಂಡಿತು.

ಇವುಗಳ ಫಲವನ್ನು ವರ್ತಕರು ಪ್ರತಿದಿನ ಕಾಣುತ್ತಿದ್ದಾರೆ. ಭಾರತೀಯ ಸ್ಟೇಟ್ ಬ್ಯಾಂಕಿನ ನೀಲಿ ವೃತ್ತದ ಚಿಹ್ನೆ 1971ರಲ್ಲಿ ಎನ್‌ಐಡಿಯಲ್ಲಿ ರೂಪುಗೊಂಡಿತು. ಪ್ರತಿ ಬಿಲ್ಲಿನ ಮೇಲೂ ಅಚ್ಚಾಗುವ ರೂಪಾಯಿ ಚಿಹ್ನೆಯನ್ನು ರಚಿಸಿದವರು ಮುಂಬಯಿ ಐಐಟಿಯ ವಿನ್ಯಾಸ ಕೇಂದ್ರದಲ್ಲಿ ಸಂಶೋಧನೆ ನಡೆಸಿದ ಡಿ. ಉದಯಕುಮಾರ್. ಕೇಂದ್ರ ಸಚಿವ ಸಂಪುಟವು 2010ರ ಜುಲೈ 15ರಂದು ಅದನ್ನು ಅಂಗೀಕರಿಸಿತು. ದೇವನಾಗರಿಯ "ರ" ಅಕ್ಷರವನ್ನೂ ರೋಮನ್ ಲಿಪಿಯ "ಆರ್" ಅಕ್ಷರವನ್ನೂ ಒಂದೇ ರೂಪದಲ್ಲಿ ಕೂಡಿಸಿದ್ದು ಅದರ ಜಾಣ್ಮೆ.

ಕಲ್ಯಾಣ ಕರ್ನಾಟಕಕ್ಕೂ ಈ ಪರಂಪರೆಯಲ್ಲಿ ಸ್ಥಾನವುಂಟು. 1916ರಲ್ಲಿ ಕಲಬುರಗಿಯಲ್ಲಿ ಜನಿಸಿದ ಎಸ್.ಎಂ. ಪಂಡಿತ್ ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು ಮತ್ತು ಕ್ಯಾಲೆಂಡರು ಚಿತ್ರಗಳಿಂದ ದೇಶದಾದ್ಯಂತ ಹೆಸರಾದರು. ಅಂಗಡಿಯ ಗೋಡೆಯ ಮೇಲಿನ ಕ್ಯಾಲೆಂಡರು ಎಷ್ಟು ಬಲವಾದ ಜಾಹೀರಾತು ಎಂಬುದನ್ನು ವ್ಯಾಪಾರಿಗಳಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ.

ನಾಲ್ಕು ವರ್ಷಗಳಲ್ಲಿ ಕಲಿಯುವುದೇನು?

ಬ್ಯಾಚಲರ್ ಆಫ್ ಡಿಸೈನ್ ಪದವಿಯ ಮೊದಲ ವರ್ಷ ಸಾಮಾನ್ಯವಾಗಿ ಬುನಾದಿ ಶಿಕ್ಷಣಕ್ಕೆ ಮೀಸಲು. ಕೈಯಿಂದ ರೇಖಾಚಿತ್ರ, ಬಣ್ಣಗಳ ಸಂಬಂಧ, ಆಕಾರ, ವಸ್ತುಗಳ ಗುಣ ಇವುಗಳ ಅಭ್ಯಾಸ ನಡೆಯುತ್ತದೆ. ಎರಡನೆಯ ವರ್ಷದಿಂದ ಅಕ್ಷರ ವಿನ್ಯಾಸ, ಪುಟ ಜೋಡಣೆ, ಛಾಯಾಚಿತ್ರಣ, ಮುದ್ರಣ ವಿಧಾನಗಳು, ಪ್ಯಾಕೇಜಿಂಗ್, ಲಾಂಛನ ರಚನೆ ಮತ್ತು ಮೊಬೈಲ್ ಪರದೆಯ ವಿನ್ಯಾಸ ಬರುತ್ತವೆ. ಕೊನೆಯ ಅವಧಿಯಲ್ಲಿ ವಿದ್ಯಾರ್ಥಿಯು ಒಂದು ಉದ್ಯಮ ಅಥವಾ ಸಂಸ್ಥೆಯ ನಿಜವಾದ ಸಮಸ್ಯೆಯನ್ನು ಕೈಗೆತ್ತಿಕೊಂಡು ಯೋಜನೆ ಪೂರೈಸಬೇಕಾಗುತ್ತದೆ.

ತಂತ್ರಾಂಶದ ಬಳಕೆ ಇವೆಲ್ಲದರಲ್ಲಿ ಒಂದು ಭಾಗ ಮಾತ್ರ. ಆರು ತಿಂಗಳ ತರಬೇತಿಯು ಹೇಗೆ ಮಾಡಬೇಕೆಂಬುದನ್ನು ಕಲಿಸುತ್ತದೆ. ಪದವಿಯು ಏನನ್ನು, ಯಾರಿಗಾಗಿ, ಎಷ್ಟು ಖರ್ಚಿನಲ್ಲಿ ಮಾಡಬೇಕೆಂಬುದನ್ನು ಕಲಿಸಬೇಕು. ತೊಗರಿಬೇಳೆಯ ಒಂದು ಕಿಲೋ ಪೊಟ್ಟಣವನ್ನೇ ನೋಡಬಹುದು. ಪ್ಲಾಸ್ಟಿಕ್ ಪೊಟ್ಟಣಗಳನ್ನು ಗ್ರೇವ್ಯೂರ್ ವಿಧಾನದಲ್ಲಿ ಮುದ್ರಿಸುವಾಗ ಪ್ರತಿ ಬಣ್ಣಕ್ಕೂ ಒಂದೊಂದು ಸಿಲಿಂಡರನ್ನು ಕೆತ್ತಿಸಬೇಕು. ಏಳು ಬಣ್ಣದ ಚಿತ್ರವನ್ನು ನಾಲ್ಕು ಬಣ್ಣಗಳಲ್ಲಿಯೇ ಅಂದವಾಗಿ ಮೂಡಿಸಬಲ್ಲ ವಿನ್ಯಾಸಕಾರನು ಮೂರು ಸಿಲಿಂಡರುಗಳ ವೆಚ್ಚವನ್ನು ಉಳಿಸುತ್ತಾನೆ. ಇನ್ನು ಲಿಂಬೆಯ ರಟ್ಟಿನ ಪೆಟ್ಟಿಗೆಯ ಒರಟು ಮೇಲ್ಮೈಯ ಮೇಲೆ ಸಣ್ಣ ಅಕ್ಷರ ಮತ್ತು ನಯವಾದ ಛಾಯೆಗಳು ಹರಡಿಹೋಗುತ್ತವೆ. ಅಲ್ಲಿ ಒಂದೆರಡು ಗಟ್ಟಿ ಬಣ್ಣ, ದಪ್ಪ ಅಕ್ಷರಗಳೇ ಉಚಿತ. ಇಂಥ ತಿಳಿವಳಿಕೆ ಕಂಪ್ಯೂಟರಿನಲ್ಲಿಲ್ಲ, ಮುದ್ರಣ ಯಂತ್ರದ ಬಳಿ ನಿಂತು ಕಲಿಯುವಂಥದು.

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಸಾಧನಗಳು ಕ್ಷಣಾರ್ಧದಲ್ಲಿ ಹತ್ತಾರು ಚಿತ್ರಗಳನ್ನು ಒದಗಿಸುತ್ತವೆ. ಕೇವಲ ಚಿತ್ರ ತೆಗೆಯುವ ಕೆಲಸಕ್ಕೆ ಇದರಿಂದ ಪೆಟ್ಟು ಬಿದ್ದಿರುವುದು ನಿಜ. ಆದರೆ ಹತ್ತರಲ್ಲಿ ಯಾವುದು ಮುದ್ರಣಕ್ಕೆ ನಿಲ್ಲುತ್ತದೆ, ಯಾವುದು ಕಾಯದೆಗೆ ಹೊಂದುತ್ತದೆ, ಯಾವುದು ಇನ್ನೊಬ್ಬರ ಲಾಂಛನವನ್ನು ಹೋಲುತ್ತದೆ ಎಂದು ನಿರ್ಧರಿಸಿ ಹೊಣೆ ಹೊರುವವರು ಬೇಕೇ ಬೇಕು.

ಕನ್ನಡ ಅಕ್ಷರದ ಪ್ರಶ್ನೆ

ಈ ನಾಲ್ಕು ತಾಲೂಕುಗಳಿಂದ ಹೋದ ವಿದ್ಯಾರ್ಥಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ, ಅದು ಭಾಷೆ. ಕನ್ನಡದ ಅಕ್ಷರಗಳಿಗೆ ಕೆಳಗೆ ಒತ್ತುಗಳು, ಮೇಲೆ ಗುಣಿತ ಚಿಹ್ನೆಗಳು ಇರುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಸ್ಥಳ ಬೇಕು. ಇಂಗ್ಲಿಷಿನ ಅಳತೆಯಲ್ಲಿ ಕನ್ನಡವನ್ನು ತುರುಕಿದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಹಳೆಯ ನುಡಿ ಅಥವಾ ಶ್ರೀಲಿಪಿ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸುವಾಗ ಅಕ್ಷರಗಳು ಒಡೆದು, ತಪ್ಪು ಕಾಗುಣಿತವೇ ಸಾವಿರಾರು ಪೊಟ್ಟಣಗಳ ಮೇಲೆ ಅಚ್ಚಾಗುವ ಅಪಾಯವುಂಟು. ಕನ್ನಡ ಓದಲು ಬಾರದ ದೂರದ ಮುದ್ರಕನು ಅದನ್ನು ಗುರುತಿಸಲಾರ.

ಬೇಡಿಕೆಯೂ ಹೆಚ್ಚಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯದೆಗೆ 2024ರಲ್ಲಿ ಆದ ತಿದ್ದುಪಡಿಯಂತೆ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕು, ಅದು ಮೇಲ್ಭಾಗದಲ್ಲಿರಬೇಕು. ಇತ್ತ ಪೊಟ್ಟಣದ ಸರಕುಗಳ ಕುರಿತ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಅದರ ಜೊತೆಗೆ ಕನ್ನಡವನ್ನು ಬಳಸಲು ಅಡ್ಡಿಯಿಲ್ಲ. ಎರಡು ಲಿಪಿಗಳನ್ನು ಒಂದೇ ಮೇಲ್ಮೈಯ ಮೇಲೆ ಗೊಂದಲವಿಲ್ಲದೆ ಕೂಡಿಸುವುದು ನಿಜವಾದ ಕೌಶಲ.

ಪ್ರವೇಶದ ದಾರಿಗಳು

ಎನ್‌ಐಡಿಯು ತನ್ನದೇ ಆದ ಅಭಿಕ್ಷಮತಾ ಪರೀಕ್ಷೆಯನ್ನು ಎರಡು ಹಂತಗಳಲ್ಲಿ ನಡೆಸುತ್ತದೆ. ಮುಂಬಯಿ ಐಐಟಿಯು 2015ರಿಂದ ನಡೆಸುತ್ತಿರುವ ಯುಸೀಡ್ ಪರೀಕ್ಷೆಯ ಅಂಕಗಳ ಮೇಲೆ ಮುಂಬಯಿ, ದೆಹಲಿ, ಗುವಾಹಟಿ, ಹೈದರಾಬಾದ್ ಮುಂತಾದ ಐಐಟಿಗಳಲ್ಲಿ ಪ್ರವೇಶ ದೊರೆಯುತ್ತದೆ. ಯುಸೀಡ್ ಬರೆಯಲು ವಿಜ್ಞಾನವೇ ಬೇಕೆಂದಿಲ್ಲ; ವಾಣಿಜ್ಯ ಮತ್ತು ಕಲಾ ವಿಭಾಗದವರೂ ಅರ್ಹರು. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದವರು ಒಂದು ವರ್ಷ ಮುಂಚಿತವಾಗಿಯೇ ಸಿದ್ಧತೆ ನಡೆಸುವುದು ಒಳಿತು.

ರಾಜ್ಯದೊಳಗೆ ಇನ್ನೊಂದು ಹಳೆಯ ದಾರಿಯಿದೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಸಂಸ್ಥೆ "ಕಾವಾ" ಮತ್ತು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜುಗಳಲ್ಲಿ ದೃಶ್ಯಕಲಾ ಪದವಿಯ ಒಳಗೆ ಅನ್ವಯಿಕ ಕಲೆ ಎಂಬ ವಿಭಾಗವಿದೆ. ಜಾಹೀರಾತು, ಲಾಂಛನ, ಪ್ಯಾಕೇಜಿಂಗ್ ಕಲಿಸುವುದು ಈ ವಿಭಾಗವೇ. ಹೆಸರಿನಲ್ಲಿ "ಡಿಸೈನ್" ಇಲ್ಲವೆಂಬ ಕಾರಣಕ್ಕೆ ಪಾಲಕರು ಇದನ್ನು ಕಡೆಗಣಿಸಬಾರದು. ಪ್ರೌಢಶಾಲೆಯ ಹಂತದಲ್ಲಿ ರಾಜ್ಯದ ಪರೀಕ್ಷಾ ಮಂಡಳಿ ನಡೆಸುವ ಲೋವರ್ ಮತ್ತು ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಳು ಮಗುವಿನ ಒಲವನ್ನು ಅಳೆಯಲು ಕಡಿಮೆ ಖರ್ಚಿನ ಮಾರ್ಗ.

ಖಾಸಗಿ ಸಂಸ್ಥೆಗಳ ಶುಲ್ಕದಲ್ಲಿ ಅಪಾರ ವ್ಯತ್ಯಾಸವಿದೆ. ಹಣ ಕಟ್ಟುವ ಮುನ್ನ ಮೂರು ಸಂಗತಿಗಳನ್ನು ವಿಚಾರಿಸಬೇಕು: ಪದವಿ ನೀಡುವ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇದೆಯೆ? ಮುದ್ರಣ ಮತ್ತು ಮಾದರಿ ತಯಾರಿಕೆಗೆ ಕಾರ್ಯಾಗಾರವಿದೆಯೆ? ಹಿಂದಿನ ವರ್ಷದ ವಿದ್ಯಾರ್ಥಿಗಳು ಪೂರೈಸಿದ ಕೆಲಸಗಳನ್ನು ತೋರಿಸುತ್ತಾರೆಯೆ? ಮೂರನೆಯ ಪ್ರಶ್ನೆಗೆ ಸಿಗುವ ಉತ್ತರವೇ ಸಂಸ್ಥೆಯ ನಿಜವಾದ ಬೆಲೆಯನ್ನು ತಿಳಿಸುತ್ತದೆ. ಈ ಕ್ಷೇತ್ರದಲ್ಲಿ ನೌಕರಿ ಕೊಡುವವರು ಅಂಕಪಟ್ಟಿಗಿಂತ ಮೊದಲು ನೋಡುವುದು ಅಭ್ಯರ್ಥಿಯ ಕೆಲಸಗಳ ಸಂಪುಟವನ್ನು.

ಲೇಬಲ್ ಒಂದು ಕಾನೂನು ದಾಖಲೆ

ಪೊಟ್ಟಣದ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಸರಕಿನ ಸಾಮಾನ್ಯ ಹೆಸರು, ನಿವ್ವಳ ತೂಕ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿಗೆ ಸಂಪರ್ಕ ವಿವರ ಇರಬೇಕು. ಅಂಕಿಗಳ ಎತ್ತರಕ್ಕೂ ಕನಿಷ್ಠ ಅಳತೆ ನಿಗದಿಯಾಗಿದೆ. ಆಹಾರ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ ಸಂಸ್ಥೆಯ 14 ಅಂಕಿಗಳ ಸಂಖ್ಯೆ ಮತ್ತು ಸಸ್ಯಾಹಾರದ ಹಸಿರು ಗುರುತು ಸೇರುತ್ತವೆ. ಇವುಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಚಿತ್ರ ರಚಿಸುವುದು ಕಲಿತವರ ರೀತಿ. ಚಿತ್ರ ಮುಗಿದ ಮೇಲೆ ಮೂಲೆಯಲ್ಲಿ ತುರುಕುವುದು ದಂಡಕ್ಕೆ ದಾರಿ.

ಇಂಡಿ ಲಿಂಬೆಯ ವಿಷಯದಲ್ಲಂತೂ ಇದು ಇನ್ನೂ ಮಹತ್ವದ್ದು. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ಲಭಿಸಿದೆ. 2025ರಲ್ಲಿ ಈ ಹೆಸರಿನಡಿಯಲ್ಲಿಯೇ ಲಿಂಬೆಯು ಅರಬ್ ಸಂಯುಕ್ತ ಸಂಸ್ಥಾನಕ್ಕೆ ರಫ್ತಾಯಿತು. ಆದರೆ ಮಾನ್ಯತೆಯು ಪ್ರದೇಶದ ಹೆಸರಿಗೆ ರಕ್ಷಣೆ ನೀಡುತ್ತದೆಯೇ ಹೊರತು ಗ್ರಾಹಕನಿಗೆ ಆ ಹೆಸರನ್ನು ತಾನಾಗಿ ಪರಿಚಯಿಸುವುದಿಲ್ಲ. ಬೆಳೆಗಾರರು ಮತ್ತು ವರ್ತಕರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡು, ಪೆಟ್ಟಿಗೆಯ ಮೇಲೆ ಹೆಸರು, ಗುರುತು, ದರ್ಜೆ ಇವೆಲ್ಲ ಸ್ಪಷ್ಟವಾಗಿ ಕಾಣುವಂತೆ ಮಾಡಿದಾಗಲೇ ಮಾನ್ಯತೆ ಹಣವಾಗಿ ಪರಿವರ್ತನೆಗೊಳ್ಳುತ್ತದೆ. ಮಣ್ಣಿನ ಗಡಿಗೆಯೇ ಗುರುತಾಗಿರುವ ಕೊಲ್ಹಾರದ ಮೊಸರು ಇದಕ್ಕೆ ಹತ್ತಿರದ ಪಾಠ. ಅಲ್ಲಿ ಪಾತ್ರೆಯೇ ಹೆಸರನ್ನು ಸಾರುತ್ತದೆ.

ಕೂಲಿ ಮತ್ತು ಕರಾರು

ವಿನ್ಯಾಸಕ್ಕೆ ಹಣ ಕೊಡುವುದೆಂದರೆ ದಂಡವೆಂಬ ಭಾವನೆ ಇನ್ನೂ ಇದೆ. ಮುದ್ರಣ ಮಾಡಿಸಿದರೆ ವಿನ್ಯಾಸ ಉಚಿತ ಎಂಬ ರೂಢಿಯೇ ಇದಕ್ಕೆ ಕಾರಣ. ಒಂದು ಲೆಕ್ಕ ನೋಡಬಹುದು. ಬೇಳೆ ಗಿರಣಿಯೊಂದು 50,000 ಪೊಟ್ಟಣ ಮುದ್ರಿಸುವಾಗ ವಿನ್ಯಾಸಕ್ಕೆ 25,000 ರೂಪಾಯಿ ಕೊಟ್ಟಿತೆಂದು ಭಾವಿಸೋಣ. ಪ್ರತಿ ಪೊಟ್ಟಣಕ್ಕೆ ಬೀಳುವ ಭಾರ 50 ಪೈಸೆ. ಅದೇ ವಿನ್ಯಾಸ ಮರುಮುದ್ರಣಗೊಂಡಾಗ ಭಾರ ಇನ್ನೂ ಇಳಿಯುತ್ತದೆ. ಲೇಬಲಿನಲ್ಲಿ ಒಂದು ಕಡ್ಡಾಯ ವಿವರ ತಪ್ಪಿಹೋದರೆ ಇಡೀ ದಾಸ್ತಾನು ವ್ಯರ್ಥ.

ಕೊಡುವಾಗ ಕಾಗದಪತ್ರವೂ ಇರಲಿ. 1957ರ ಕೃತಿಸ್ವಾಮ್ಯ ಕಾಯದೆಯಂತೆ ಸಂಬಳದ ನೌಕರನು ಕೆಲಸದ ಭಾಗವಾಗಿ ರಚಿಸಿದ ಲಾಂಛನ ಮಾಲೀಕನದು. ಹೊರಗಿನ ವಿನ್ಯಾಸಕಾರ ರಚಿಸಿದ್ದಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಕ್ಕು ಸಾಮಾನ್ಯವಾಗಿ ರಚಿಸಿದವನಲ್ಲಿಯೇ ಉಳಿಯುತ್ತದೆ. ಆದುದರಿಂದ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದೇ ವರ್ಷವೆಂದು ಕಾಯದೆ ಭಾವಿಸುತ್ತದೆ. ಬಳಿಕ ಲಾಂಛನವನ್ನು 1999ರ ವ್ಯಾಪಾರ ಚಿಹ್ನೆಗಳ ಕಾಯದೆಯಡಿ ನೋಂದಾಯಿಸಿದರೆ ಹತ್ತು ವರ್ಷಗಳ ರಕ್ಷಣೆ ಸಿಗುತ್ತದೆ, ಮತ್ತೆ ನವೀಕರಿಸಬಹುದು.

ವರ್ತಕರು ಮಾಡಬಹುದಾದುದು

ಪದವಿ ಪಡೆದ ಯುವಕ ಯುವತಿಯರು ಬೆಂಗಳೂರು, ಪುಣೆಗಳಲ್ಲಿಯೇ ನೆಲೆಸುತ್ತಾರೆಂಬ ದೂರು ಸಾಮಾನ್ಯ. ಊರಿನಲ್ಲಿ ಕೆಲಸವೂ ಕೂಲಿಯೂ ಇಲ್ಲದಿದ್ದರೆ ಅವರು ಮರಳಬೇಕೆಂದು ಬಯಸುವುದು ನ್ಯಾಯವಲ್ಲ. ಅಂತಿಮ ವರ್ಷದ ವಿದ್ಯಾರ್ಥಿಗೆ ಒಂದು ಯೋಜನೆ ಬೇಕು. ಇಲ್ಲಿಯ ಬೇಳೆ ಗಿರಣಿಗೆ, ರೊಟ್ಟಿ ತಯಾರಿಸುವ ಮಹಿಳಾ ಸಂಘಕ್ಕೆ, ಲಿಂಬೆ ವರ್ತಕರಿಗೆ ಒಂದು ಮುಖ ಬೇಕು. ನಾಲ್ಕೈದು ವರ್ತಕರು ಕೂಡಿ ಒಬ್ಬ ವಿದ್ಯಾರ್ಥಿಯ ಯೋಜನೆಗೆ ವಸತಿ, ಪ್ರಯಾಣ ಮತ್ತು ಗೌರವಧನ ಒದಗಿಸಿದರೆ ಎರಡೂ ಕಡೆಯ ಅಗತ್ಯ ಪೂರೈಸುತ್ತದೆ. ಕಂಪ್ಯೂಟರಿನಲ್ಲಿ ಆಗುವ ಕೆಲಸವಾದ್ದರಿಂದ ಅವನೋ ಅವಳೋ ಮುಂದೆ ಸಿಂದಗಿಯಲ್ಲಿ ಕುಳಿತೂ ದೂರದ ಗ್ರಾಹಕರಿಗೆ ದುಡಿಯಬಹುದು.

ಆದುದರಿಂದ ಮಗು ಈ ಪದವಿ ಓದುತ್ತೇನೆಂದಾಗ ಪಾಲಕರು ಬೇಡವೆನ್ನುವ ಮೊದಲು ಮನೆಯದೇ ಸರಕಿನ ಒಂದು ಪೊಟ್ಟಣವನ್ನು ಅದರ ಮುಂದಿಟ್ಟು, ಇದರಲ್ಲಿ ಏನು ತಪ್ಪಿದೆ, ಹೇಗೆ ಸರಿಪಡಿಸುವೆ ಎಂದು ಕೇಳಲಿ. ಬಣ್ಣ ಚೆಂದವಿಲ್ಲ ಎಂದಷ್ಟೇ ಹೇಳಿದರೆ ಇನ್ನೊಮ್ಮೆ ಯೋಚಿಸಬಹುದು. ಕೊಳ್ಳುವವರು ಯಾರು, ಓದಬೇಕಾದದ್ದು ಯಾವುದು, ಖರ್ಚು ಎಷ್ಟು ಎಂದು ಮರುಪ್ರಶ್ನೆ ಹಾಕಿದರೆ, ಆ ಮಗುವಿನ ನಾಲ್ಕು ವರ್ಷಗಳ ಮೇಲೆ ತೊಡಗಿಸುವ ಹಣ ಅಂಗಡಿಗೆ ತೊಡಗಿಸಿದ ಬಂಡವಾಳಕ್ಕಿಂತ ಕಡಿಮೆ ಭರವಸೆಯದೇನಲ್ಲ.