ಬೈಕ್ ಅಬ್ಬರಕ್ಕೆ ಮನೆಯಲ್ಲೇ ಮದ್ದು

ಮನೆಯಲ್ಲಿ ಯಾರಿಗಾದರೂ ಡರ್ಟ್ ಬೈಕ್ ಹುಚ್ಚು ಹತ್ತಿದೆಯೇ? ಹಾಗಿದ್ದರೆ ಭಾನುವಾರ ಸಂಜೆಯ ನಿಮ್ಮ ಪಾಡು ಹೇಳುವುದೇ ಬೇಡ. ಗೇಟಿನೊಳಗೆ ಮಣ್ಣು ಮೆತ್ತಿದ ಗಾಡಿ, ಒಗೆದಷ್ಟೂ ಕೆಂಪು ನೀರು ಬಿಡುವ ಬಟ್ಟೆ. ಅದನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದು. ಆದರೆ 'ಒಂದ್ಸಲ ಸ್ಟಾರ್ಟ್ ಮಾಡಿ ನೋಡ್ತೀನಮ್ಮಾ' ಅಂತ ಎಕ್ಸಲರೇಟರ್ ತಿರುವಿದ ಕೂಡಲೇ ಪಕ್ಕದ ಮನೆಯ ಮಗು ಎದ್ದು ಅಳುತ್ತದೆ, ಎದುರು ಮನೆಯ ಅಜ್ಜಿ ಕಿಟಕಿ ಮುಚ್ಚುತ್ತಾರೆ. ಮಾರನೇ ದಿನ ಅವರ ಮುಖ ನೋಡಬೇಕಾದವರು ನಾವೇ ತಾನೆ?

ಮೊದಲು ಇಷ್ಟೊಂದು ಸದ್ದಿರಲಿಲ್ಲ, ಈಚೆಗೆ ಜಾಸ್ತಿಯಾಗಿದೆ ಅನ್ನಿಸಿದರೆ ಸೈಲೆನ್ಸರ್‌ನ ಒಳಗಿನ ಪ್ಯಾಕಿಂಗ್ ಸುಟ್ಟುಹೋಗಿರುವ ಸಾಧ್ಯತೆಯೇ ಹೆಚ್ಚು. ಇದಕ್ಕೆ ಸಾವಿರಾರು ರೂಪಾಯಿ ಕೊಟ್ಟು ಹೊಸ ಸೈಲೆನ್ಸರ್ ತರಬೇಕಿಲ್ಲ. ಹಳೆ ದಿಂಬಿಗೆ ಹೊಸ ಹತ್ತಿ ತುಂಬುವ ಹಾಗೆ ಹೊಸ ಪ್ಯಾಕಿಂಗ್ ತುಂಬಿದರಾಯಿತು. ಒಂದು ಮಧ್ಯಾಹ್ನದ ಕೆಲಸ.

'ಅಯ್ಯೋ, ಇದು ಗಂಡಸರ ಕೆಲಸ' ಅಂತ ಪುಟ ತಿರುವಬೇಡಿ. 2019ರಲ್ಲಿ ಎಫ್‌ಐಎಂ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದವರು ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ. ಮಣ್ಣಿನ ದಾರಿಯಲ್ಲಿ ಬೈಕ್ ಓಡಿಸುವ ಹೆಣ್ಣುಮಕ್ಕಳು ಇರುವಾಗ ಅದರ ಸೈಲೆನ್ಸರ್ ಬಿಚ್ಚುವುದು ಯಾವ ಮಹಾ ಕೆಲಸ? ಮಿಕ್ಸಿಯ ಬ್ಲೇಡು, ಕುಕ್ಕರಿನ ಗ್ಯಾಸ್ಕೆಟ್ ಬದಲಿಸುವ ಕೈಗೆ ಇದೂ ಒಗ್ಗುತ್ತದೆ.

ಒಳಗೆ ಏನಿದೆ?

ಡರ್ಟ್ ಬೈಕಿನ ಸೈಲೆನ್ಸರ್ ಒಳಗೆ ಮೈತುಂಬ ತೂತುಗಳಿರುವ ಒಂದು ಕೊಳವೆ ಇರುತ್ತದೆ. ಅದರ ಸುತ್ತ ಗಾಜಿನ ನಾರಿನ ಪ್ಯಾಕಿಂಗ್, ಅದರ ಮೇಲೆ ಹೊರಗಿನ ಡಬ್ಬ. ಎಂಜಿನ್ನಿನ ಸದ್ದು ತೂತುಗಳ ಮೂಲಕ ನಾರಿನೊಳಗೆ ಹೊಕ್ಕು, ಅಲ್ಲೇ ಸಿಕ್ಕಿಕೊಂಡು ಶಾಖವಾಗಿ ಕರಗುತ್ತದೆ. ಬಿಸಿ ಗಾಳಿಯ ಹೊಡೆತಕ್ಕೆ ಈ ನಾರು ದಿನ ಕಳೆದಂತೆ ಪುಡಿಯಾಗಿ, ಹೊಗೆಯ ಜೊತೆ ಹೊರಗೆ ಹಾರಿಹೋಗುತ್ತದೆ. ಆಮೇಲೆ ಉಳಿಯುವುದು ಬರೀ ಡಬ್ಬ. ಖಾಲಿ ಡಬ್ಬ ಸದ್ದು ಮಾಡದೆ ಇನ್ನೇನು ಮಾಡೀತು!

ಒಂದು ಮಾತು ನೆನಪಿರಲಿ. ಮನೆಯ ಸ್ಕೂಟರ್, ಆಫೀಸಿಗೆ ಹೋಗುವ ಮಾಮೂಲಿ ಬೈಕುಗಳ ಸೈಲೆನ್ಸರ್ ಹೀಗಿರುವುದಿಲ್ಲ. ಅವುಗಳೊಳಗೆ ಲೋಹದ ಕೋಣೆಗಳಿದ್ದು, ಸಾಮಾನ್ಯವಾಗಿ ಪೂರ್ತಿ ಬೆಸುಗೆ ಹಾಕಿರುತ್ತಾರೆ. ಅವನ್ನು ಬಿಚ್ಚಲು ಹೋಗಬೇಡಿ.

ಸೂಚನೆಗಳೇನು?

* ಸದ್ದು ಗಡುಸಾಗಿ, ತಗಡು ಬಡಿದಂತೆ ಕೇಳುವುದು.
* ಹೊರಗಿನ ಡಬ್ಬ ಮೊದಲಿಗಿಂತ ಹೆಚ್ಚು ಕಾದು ಬಣ್ಣ ಬದಲಾಗುವುದು, ಮೇಲಿನ ಸ್ಟಿಕ್ಕರ್ ಸುಡುವುದು.
* ಬಾಯಿಯಿಂದ ನಾರಿನ ಚೂರು ಬರುವುದು.
* ಟೂ ಸ್ಟ್ರೋಕ್ ಗಾಡಿಯಾದರೆ ಬಾಯಿಯಲ್ಲಿ ಕಪ್ಪು ಜಿಡ್ಡು ಸೋರುವುದು.

ಡರ್ಟ್ ಬೈಕಿಗೆ ಕಿಲೋಮೀಟರ್ ಲೆಕ್ಕ ಇಲ್ಲ, ಓಡಿದ ಗಂಟೆಗಳ ಲೆಕ್ಕ. ಎಷ್ಟು ಗಂಟೆಗೊಮ್ಮೆ ಪ್ಯಾಕಿಂಗ್ ಬದಲಿಸಬೇಕು ಅಂತ ಗಾಡಿಯ ಪುಸ್ತಕದಲ್ಲಿ ನೋಡಿ. ಗ್ಯಾಸ್ ಬುಕ್ ಮಾಡಿದ ದಿನ ಬರೆದಿಡುವ ಕ್ಯಾಲೆಂಡರಿನಲ್ಲೇ ಇದನ್ನೂ ಬರೆದಿಟ್ಟರೆ ಮರೆಯುವುದಿಲ್ಲ.

ಬೇಕಾಗುವ ಸಾಮಗ್ರಿ

ನಿಮ್ಮ ಗಾಡಿಯ ಅಳತೆಗೆ ಹೊಂದುವ ಸೈಲೆನ್ಸರ್ ಪ್ಯಾಕಿಂಗ್, ಅಲೆನ್ ಕೀ ಮತ್ತು ಸ್ಪ್ಯಾನರ್, ರಬ್ಬರ್ ಸುತ್ತಿಗೆ, ವೈರ್ ಬ್ರಷ್, ಮಾಸ್ಕಿಂಗ್ ಟೇಪ್, ಹೆಚ್ಚು ಶಾಖ ತಡೆಯುವ ಸಿಲಿಕೋನ್ ಸೀಲೆಂಟ್, ಡಿಗ್ರೀಸರ್. ಬೋಲ್ಟ್ ಬದಲು ರಿವೆಟ್ ಹೊಡೆದಿದ್ದರೆ ಡ್ರಿಲ್, ರಿವೆಟ್ ಗನ್, ಹಳೆಯ ಅಳತೆಯದೇ ಹೊಸ ಸ್ಟೀಲ್ ರಿವೆಟ್‌ಗಳು.

ಪ್ಯಾಕಿಂಗನ್ನು ಬೈಕ್ ಬಿಡಿಭಾಗದ ಅಂಗಡಿಯಲ್ಲೇ ಕೇಳಿ ತನ್ನಿ. ಬೆಂಗಳೂರಿನವರು ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು. ಛಾವಣಿಗೆ ಹಾಕುವ ಗ್ಲಾಸ್ ವೂಲ್ ಅಗ್ಗ ಅಂತ ತುಂಬಿದರೆ ಈ ಶಾಖಕ್ಕೆ ಬೇಗ ಹಾಳಾಗುತ್ತದೆ. ಪಾತ್ರೆ ತಿಕ್ಕುವ ಕಬ್ಬಿಣದ ನಾರಂತೂ ಬೇಡವೇ ಬೇಡ.

ಮಾಡುವ ವಿಧಾನ

1. ಎಂಜಿನ್ ಪೂರ್ತಿ ಆರಿ ತಣ್ಣಗಾಗಲಿ. ಬಿಸಿ ಸೈಲೆನ್ಸರ್ ಮುಟ್ಟಿದರೆ ಕಾದ ಹೆಂಚು ಮುಟ್ಟಿದಂತೆಯೇ. ಗಾಡಿಯ ಮಣ್ಣು ತೊಳೆದು ಒಣಗಿಸಿ, ಕ್ಲ್ಯಾಂಪ್ ಮತ್ತು ಬೋಲ್ಟ್ ಸಡಿಲಿಸಿ ಸೈಲೆನ್ಸರನ್ನು ಹೊರತೆಗೆಯಿರಿ.

2. ಮುಚ್ಚಳ ಮತ್ತು ಡಬ್ಬ ಸೇರುವ ಜಾಗದಲ್ಲಿ ಮಾರ್ಕರ್‌ನಿಂದ ಗೆರೆ ಎಳೆಯಿರಿ. ತಿರುಗಿ ಜೋಡಿಸುವಾಗ 'ಯಾವ ಕಡೆ ಮೇಲಿತ್ತು?' ಎಂಬ ಗೊಂದಲ ಇರುವುದಿಲ್ಲ.

3. ಬೋಲ್ಟ್ ಬಿಚ್ಚಿ. ರಿವೆಟ್ ಇದ್ದರೆ ಅದರ ತಲೆಯನ್ನಷ್ಟೇ ಡ್ರಿಲ್‌ನಿಂದ ನಿಧಾನ ಕೊರೆಯಿರಿ. ಜೋರು ಮಾಡಿದರೆ ತೂತು ದೊಡ್ಡದಾಗಿ ಹೊಸ ರಿವೆಟ್ ನಿಲ್ಲುವುದಿಲ್ಲ. ಒಳಗೆ ಬಿದ್ದ ರಿವೆಟ್ ತುಂಡುಗಳನ್ನು ಆಮೇಲೆ ನೆನಪಿಟ್ಟು ತೆಗೆಯಿರಿ, ಇಲ್ಲದಿದ್ದರೆ ಗಲಗಲ ಸದ್ದು ತಪ್ಪಿದ್ದಲ್ಲ.

4. ರಬ್ಬರ್ ಸುತ್ತಿಗೆಯಿಂದ ಸುತ್ತ ಮೆಲ್ಲಗೆ ತಟ್ಟುತ್ತಾ ಒಳಗಿನ ಕೊಳವೆಯನ್ನು ಹೊರಗೆಳೆಯಿರಿ. ಕಬ್ಬಿಣದ ಸುತ್ತಿಗೆ ತಗುಲಿದರೆ ಡಬ್ಬ ನೆಗ್ಗುತ್ತದೆ.

5. ಹಳೆಯ ಪ್ಯಾಕಿಂಗ್ ಕಿತ್ತು ನೇರ ಕವರಿಗೆ ಹಾಕಿ ಬಾಯಿ ಕಟ್ಟಿ. ಕೊಳವೆಗೆ ಅಂಟಿದ ಮಸಿಯನ್ನು ವೈರ್ ಬ್ರಷ್‌ನಿಂದ ಉಜ್ಜಿ. ಮಸಿ ಕಟ್ಟಿ ಮುಚ್ಚಿದ ತೂತುಗಳೆಲ್ಲ ತೆರೆಯಬೇಕು, ಏಕೆಂದರೆ ಸದ್ದು ನಾರಿಗೆ ಹೋಗುವ ದಾರಿಯೇ ಅದು. ಜಿಡ್ಡಿದ್ದರೆ ಡಿಗ್ರೀಸರ್ ಹಾಕಿ ತೊಳೆದು ಚೆನ್ನಾಗಿ ಒಣಗಿಸಿ.

6. ಹೊಸ ಪ್ಯಾಕಿಂಗನ್ನು ಕೊಳವೆಯ ಸುತ್ತ ಒಂದೇ ಸಮ ಸುತ್ತಿ, ಮಾಸ್ಕಿಂಗ್ ಟೇಪ್‌ನಿಂದ ಅಲ್ಲಲ್ಲಿ ಹಿಡಿದಿಡಿ. ಟೇಪ್ ಆಮೇಲೆ ತಾನೇ ಸುಟ್ಟುಹೋಗುತ್ತದೆ. ಕೈಹದ ಬೇಕಾಗುವುದು ಇಲ್ಲಿಯೇ. ತೀರಾ ಬಿಗಿಯಾಗಿ ತುರುಕಿದರೆ ನಾರು ಸದ್ದನ್ನು ಹೀರುವುದಿಲ್ಲ, ಸಡಿಲವಾದರೆ ಬೇಗ ಹಾರಿಹೋಗುತ್ತದೆ. ಡಬ್ಬದೊಳಗೆ ಸ್ವಲ್ಪ ಒತ್ತಿದರೆ ಕೂರುವಷ್ಟಿದ್ದರೆ ಸರಿ.

7. ಡಬ್ಬದೊಳಗೆ ತೂರಿಸುವಾಗ ನಾರು ಮುದ್ದೆಯಾಗದಂತೆ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಜಾರಿಸಿ, ಆಮೇಲೆ ಹಾಳೆ ಎಳೆದುಬಿಡಿ. ಮುಚ್ಚಳದ ಅಂಚಿಗೆ ಸೀಲೆಂಟ್ ಹಚ್ಚಿ, ಗೆರೆ ಕೂಡಿಸಿ, ಬೋಲ್ಟ್ ಅಥವಾ ರಿವೆಟ್ ಹಾಕಿ. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಸೀಲೆಂಟ್ ಒಣಗಲಿ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಟೇಪ್ ಸುಟ್ಟು ಸ್ವಲ್ಪ ಹೊಗೆ, ವಾಸನೆ ಬಂದರೆ ಗಾಬರಿ ಬೇಡ, ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ. ಆದರೆ ಮುಚ್ಚಿದ ಗ್ಯಾರೇಜ್, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಉಸಿರಿಗೆ ಸೇರಿದ್ದು ಗೊತ್ತಾಗುವ ಮೊದಲೇ ಜೀವಕ್ಕೆ ಕುತ್ತು ತರುತ್ತದೆ.

ನಾರಿನ ಬಗ್ಗೆ ಎಚ್ಚರ

ಗಾಜಿನ ನಾರು ಮೈಗೆ ತಗುಲಿದರೆ ವಿಪರೀತ ತುರಿಕೆ. ಕಣ್ಣು, ಗಂಟಲಿಗೂ ತೊಂದರೆ. ತುಂಬುತೋಳಿನ ಹಳೆ ಅಂಗಿ, ಗ್ಲೌಸ್, ಕನ್ನಡಕ, ಮಾಸ್ಕ್ ಹಾಕಿಕೊಂಡೇ ಕೂರಿ. ಚಿಕ್ಕ ಮಕ್ಕಳು ದೂರವಿರಲಿ. ಅಡುಗೆಮನೆ, ಬಟ್ಟೆ ಒಣಹಾಕುವ ಜಾಗ ಬೇಡ. ಕೆಲಸ ಮುಗಿದ ಮೇಲೆ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೊರಕೆ ಹಾಕಿದರೆ ನಾರು ಗಾಳಿಗೆ ಏಳುತ್ತದೆ. ಆ ಬಟ್ಟೆಗಳನ್ನು ಮಗುವಿನ ಬಟ್ಟೆ ಜೊತೆ ಮೆಷಿನ್‌ಗೆ ಹಾಕದೆ ಬೇರೆಯಾಗಿಯೇ ಒಗೆಯಿರಿ.

ದಿನನಿತ್ಯದ ಆರೈಕೆ

* ಗಾಡಿ ತೊಳೆಯುವಾಗ ತಣ್ಣಗಾದ ಸೈಲೆನ್ಸರ್ ಬಾಯಿಗೆ ಪ್ಲಗ್ ಹಾಕಿ. ನೀರು ಹೊಕ್ಕರೆ ಪ್ಯಾಕಿಂಗ್ ನೆನೆದು ಹಾಳು. ಸ್ಟಾರ್ಟ್ ಮಾಡುವ ಮುನ್ನ ಪ್ಲಗ್ ತೆಗೆಯಲು ಮರೆಯಬೇಡಿ.
* ಪ್ರತಿ ಸವಾರಿಯ ನಂತರ ಬೋಲ್ಟ್, ರಿವೆಟ್, ಕ್ಲ್ಯಾಂಪ್ ಸಡಿಲವಾಗಿದೆಯೇ ನೋಡಿ. ಜೋಡಣೆಯ ಸುತ್ತ ಕಪ್ಪು ಮಸಿ ಕಂಡರೆ ಅಲ್ಲಿ ಗಾಳಿ ಸೋರುತ್ತಿದೆ ಎಂದರ್ಥ.
* ಬಾಯಿಯಲ್ಲಿ ಕಿಡಿ ತಡೆಯುವ ಜಾಲರಿ ಇದ್ದರೆ ಆಗಾಗ ಬ್ರಷ್‌ನಿಂದ ಉಜ್ಜಿ. ಒಣಹುಲ್ಲಿನ ಬಯಲಿನಲ್ಲಿ ಬೆಂಕಿ ಹತ್ತದಂತೆ ಕಾಯುವುದು ಅದೇ.

ಸದ್ದು ಬರೀ ಸದ್ದಲ್ಲ

'ಸದ್ದಿದ್ರೇನೇ ಗತ್ತು' ಅನ್ನುತ್ತಾರೆ ಹುಡುಗರು. ಆದರೆ 85 ಡೆಸಿಬಲ್ ಮೀರಿದ ಸದ್ದನ್ನು ದಿನವೂ ಗಂಟೆಗಟ್ಟಲೆ ಕೇಳಿದರೆ ಕಿವಿ ಮಂದವಾಗುತ್ತದೆ, ಹೋದ ಕಿವಿ ಮತ್ತೆ ಬರುವುದಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಎಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ನೋಂದಣಿ ಇಲ್ಲದ ಡರ್ಟ್ ಬೈಕ್ ರಸ್ತೆಗಿಳಿಯುವಂತೆಯೇ ಇಲ್ಲ, ಟ್ರ್ಯಾಕ್‌ವರೆಗೆ ಬೇರೆ ವಾಹನದಲ್ಲೇ ಸಾಗಿಸಬೇಕು. 2019ರ ತಿದ್ದುಪಡಿಯ ನಂತರ ರಸ್ತೆಯಲ್ಲಿ ಶಬ್ದದ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ ಬೀಳಬಹುದು. ಅಪ್ರಾಪ್ತ ಮಕ್ಕಳು ರಸ್ತೆಯಲ್ಲಿ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ 25,000 ರೂಪಾಯಿ ದಂಡದ ಜೊತೆ ಮೂರು ವರ್ಷದವರೆಗೆ ಜೈಲೂ ಆಗಬಹುದು.

ಹಾಗಂತ ಮಕ್ಕಳ ಹವ್ಯಾಸಕ್ಕೆ ಅಡ್ಡಗಾಲು ಹಾಕಬೇಕಿಲ್ಲ. 'ಗಾಡಿ ಮಾರಿಬಿಡು' ಅಂತ ಜಗಳಕ್ಕಿಳಿಯುವ ಬದಲು, 'ಬಾ, ಇಬ್ಬರೂ ಸೇರಿ ಪ್ಯಾಕಿಂಗ್ ಬದಲಿಸೋಣ' ಅಂತ ಕರೆದು ನೋಡಿ. ರೂಮಿನ ಬಾಗಿಲು ಹಾಕಿಕೊಳ್ಳುವ ವಯಸ್ಸಿನ ಮಗನೂ ಸ್ಪ್ಯಾನರ್ ಕೈಗೆ ಬಂದರೆ ಬಾಯಿ ಬಿಡುತ್ತಾನೆ. ಹೊಸ ಸೈಲೆನ್ಸರ್‌ನ ಖರ್ಚು ಉಳಿಯುತ್ತದೆ, ಓಣಿಯವರಿಗೂ ಭಾನುವಾರದ ನಿದ್ದೆ ಸಿಗುತ್ತದೆ.